ಊಟ ಆಯ್ತಾ?

ಸೇಲಂನ ಆ ಕ್ಲಿನಿಕ್ಕಿನ ಕಂಪ್ಯೂಟರು ಸುಪ್ರಜಾಳನ್ನು ಇವತ್ತೂ ಅದೇ ಪ್ರಶ್ನೆ ಕೇಳಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಊಟ ಆಯ್ತಾ? ಕೆಳಗೆ ಎರಡೇ ಉತ್ತರ. ಆಯ್ತು, ಇಲ್ಲ. ತಮಿಳು ಡಾಕ್ಟರಮ್ಮ ಈ ಮಾತನ್ನು ಅವಳ ಅಮ್ಮ ತುಂಗಾಬಾಯಿಯ ಬಾಯಿಂದಲೇ ಬರೆದುಕೊಂಡು ಅದರೊಳಗೆ ಹಾಕಿಸಿದ್ದರು. ಆಮೇಲೆ ತುಂಗಾಬಾಯಿಗೆ, "ಇನಿಮೇ ನೀಂಗ ಕೇಕ್ಕ ವೇಂಡಾಮ್ಮಾ," ಅಂದಿದ್ದರು. ಇನ್ನು ನೀವು ಕೇಳಬೇಡಿ, ಇದೇ ಕೇಳಲಿ.

ಊಟ ಆಯ್ತಾ ಅಂದರೆ ಆಯ್ತು ಅನ್ನಬೇಕು, ಹೊಟ್ಟೆ ಖಾಲಿಯಿದ್ದರೂ. ಎಲ್ಲರೂ ಹಾಗೇ ಅನ್ನುತ್ತಾರೆ. ಆ ಒಂದು ಮಾತಿನ ಮರೆಯಲ್ಲಿ ಸುಪ್ರಜಾ ಎರಡು ವರ್ಷ ಉಣ್ಣದೆ ಕಳೆದಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಈ ಪರದೆಗೆ ಮಾತ್ರ ಬಾಡುವ ಮುಖವಿರಲಿಲ್ಲ. ಹಾಗಾಗಿ ಮೂರು ವಾರದಿಂದ ಇದಕ್ಕೆ ನಿಜ ಹೇಳುತ್ತಿದ್ದಳು. ಇವತ್ತೂ 'ಇಲ್ಲ' ಒತ್ತಿದಳು. ಕಂಪ್ಯೂಟರು ಸರಿ ಎಂದು ಮುಂದಿನ ಪ್ರಶ್ನೆಗೆ ಹೋಯಿತು. ಇಲ್ಲ ಅಂದಿದ್ದರೆ ಅಮ್ಮ ಹೀಗೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ತುಂಗಾಬಾಯಿ ಟಿಫಿನ್ ಕ್ಯಾರಿಯರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಮಗಳನ್ನು ಕಂಡೊಡನೆ ಏನೋ ಕೇಳಲು ಬಾಯಿ ತೆರೆದವಳು, ಡಾಕ್ಟರಮ್ಮನ ಮಾತು ನೆನಪಾಗಿ, "ಊರಿಗೆ ಹೋಗೋ ಮೆಟ್ಟೂರು ಬಸ್ಸು ಒಂದೂವರೆಗಂತೆ," ಅಂದಳು.

"ಅದಲ್ಲಮ್ಮಾ. ಮುಂಚೆ ದಿನಾ ಕೇಳ್ತಿದ್ಯಲ್ಲ, ಅದನ್ನ ಕೇಳು."

ತುಂಗಾಬಾಯಿ ಡಾಕ್ಟರಮ್ಮನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಊಟ ಆಯ್ತಾ, ನನ್ ಕಣ್ಣು?"

"ಇಲ್ಲಮ್ಮ," ಅಂದಳು ಸುಪ್ರಜಾ.