ಕಣ್ಣು ಮುಚ್ಚದ ಕೆಲಸ

ಗಾಜಿನ ಮೇಲೆ ಯಾರೋ ಪಟಪಟ ಬಡಿದಾಗ ಚಾಲಕರಿಗೆ ಎಚ್ಚರವಾಯಿತು. ಹೊರಗೆ ಕಂಬಗಳು ಒಂದಕ್ಕೊಂದು ಅಂಟಿಕೊಂಡಂತೆ ಹಿಂದಕ್ಕೋಡುತ್ತಿದ್ದವು. ವಿಮಾನ ನಿಲ್ದಾಣದ ಈ ರೈಲಿಗೆ ನಿಧಾನವೆಂಬುದೇ ಗೊತ್ತಿಲ್ಲ.

ಬೆನ್ನಹಿಂದಿನ ಮೊದಲ ಸೀಟಿನ ಹೆಂಗಸು ಗಾಜಿನ ಕಿಂಡಿಗೆ ಬಾಯಿಟ್ಟಳು. “ಅಣ್ಣಾ, ತೂಕಡಿಸ್ತಾ ಇದ್ದೀರಲ್ಲ! ಇಷ್ಟು ಜನರ ಜೀವ ನಿಮ್ಮ ಕೈಲಿದೆ.”

“ಇಲ್ಲಮ್ಮ, ಕಣ್ಣು ಉರೀತಿತ್ತು.”

ಸುಳ್ಳು. ಜೀವಮಾನವಿಡೀ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದವರನ್ನು ಕಂಪನಿ ಕರೆದು ಮತ್ತೆ ಕೂರಿಸಿತ್ತು. ಜೊತೆಗಾರ ರಜೆ ಹಾಕಿದ್ದರಿಂದ ಪಾಳಿಯ ಮೇಲೆ ಪಾಳಿ. ಮೇಲ್ವಿಚಾರಕ ದಿನವೂ ಹೇಳುವುದು ಒಂದೇ ಮಾತು: “ಬೇರೇನೂ ಬೇಡ. ಬ್ರೇಕಿನ ಹಿಡಿ ಬಿಡಬೇಡಿ, ಕಣ್ಣು ಮುಚ್ಚಬೇಡಿ.”

“ನಾನು ಮಾತಾಡ್ತಾ ಇರ್ತೀನಿ, ನೀವು ಹಳಿ ನೋಡಿ,” ಎಂದಳು ಹೆಂಗಸು. ದೂರದ ದೇಶದಲ್ಲಿರುವ ಮಗಳಿಗೆ ಹೆರಿಗೆ ಕಷ್ಟವಾಗಿದೆಯಂತೆ. ಇವಳಿಗೆ ಇದೇ ಮೊದಲ ವಿಮಾನ. ಅವಳೂ ನಿದ್ದೆಗೆಟ್ಟವಳೇ, ಮಾತಿಗೊಮ್ಮೆ ಆಕಳಿಸುತ್ತಿದ್ದಳು. ಆದರೂ ಅಳಿಯನ ಜಿಪುಣತನ, ತನ್ನ ಮಂಡಿನೋವು, ಬೀಗಿತ್ತಿಯ ಬಿಗುಮಾನ ಎಲ್ಲವನ್ನೂ ಕಿಂಡಿಯೊಳಗೆ ಸುರಿದಳು. ಚಾಲಕರು “ಹೂಂ, ಹೂಂ” ಎನ್ನುತ್ತ ಹೇಗೋ ರೆಪ್ಪೆ ಎತ್ತಿಹಿಡಿದರು.

ತಿರುವು ದಾಟುತ್ತಲೇ ಹಳಿಯ ಮೇಲೆ ಏನೋ ಹೊಳೆಯಿತು. ಗಾಳಿಗೆ ಹಾರಿಬಂದ ದೊಡ್ಡ ತಗಡು. ಚಾಲಕರ ಮುಷ್ಟಿ ಹಿಡಿಯ ಮೇಲೆ ಬಿಗಿಯಿತು. ಚಕ್ರಗಳು ಕಿರುಚಿದವು. ಪೆಟ್ಟಿಗೆಗಳು ದಡಬಡ ಉರುಳಿದವು. ತಗಡು ಇನ್ನೊಂದು ಮಾರು ದೂರವಿದೆ ಎನ್ನುವಾಗ ರೈಲು ನಿಂತಿತು.

ಆಮೇಲೆ ಬೋಗಿ ತುಂಬ ಚಪ್ಪಾಳೆ.

ಹೆಂಗಸಿನ ಕಣ್ಣಲ್ಲಿ ನೀರು. “ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣಾ. ಮೊಮ್ಮಗುವಿನ ಮುಖ ನೋಡೋ ಭಾಗ್ಯ ಉಳಿಸಿದ್ರಿ,” ಎಂದು ಕೈಮುಗಿದಳು. ಚಾಲಕರು ತಲೆ ತಗ್ಗಿಸಿದರು. ಪಾಪ, ಸಂಕೋಚದ ಮನುಷ್ಯ ಎಂದುಕೊಂಡಳು.

ನಿಲ್ದಾಣ ತಲುಪಿದ್ದೇ ಚಾಲಕರು ನೇರ ಮೇಲ್ವಿಚಾರಕನ ಕೋಣೆಗೆ ಹೋದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

“ನನ್ನನ್ನ ಬಿಟ್ಟುಬಿಡಿ ಸಾರ್. ಆ ತಾಯಿ ಕೈಮುಗಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸ್ತು.”

“ಕೈಮುಗಿಯಲಿ ಬಿಡಿ ಯಜಮಾನ್ರೇ,” ಎಂದ ಮೇಲ್ವಿಚಾರಕ, ಆಕಳಿಸುತ್ತ. “ತಾನೇ ಓಡಿ ತಾನೇ ನಿಲ್ಲೋ ಗಾಡಿ ಅಂತ ಗೊತ್ತಾದ್ರೆ ಯಾರು ಹತ್ತುತ್ತಾರೆ? ಆ ಹಿಡಿಗೆ ಒಂದು ತಂತಿಯೂ ಇಲ್ಲ ಅನ್ನೋದು ನಮ್ಮಿಬ್ಬರಲ್ಲೇ ಇರಲಿ.”