ಬೇಡವೆಂದ ಜಿಪಿಎಸ್

"ಇದೂ ಬೇಡ ಆಂಟಿ," ಎಂದ ಸುಮೇಧ.

ಜಯನಗರ ನಾಲ್ಕನೆಯ ಬ್ಲಾಕಿನ ಆ ಅಂಗಡಿಯಲ್ಲಿ ಚಾರಣದ ಬೂಟು, ಟೆಂಟು, ಕಾರಿನ ಸಾಮಾನು ಎಲ್ಲವನ್ನೂ ಒಟ್ಟಿಗೇ ಪೇರಿಸಿದ್ದರು. ಗಾಜಿನ ಮೇಜಿನ ಮೇಲೆ ಮೂರು ಜಿಪಿಎಸ್‌ಗಳಿದ್ದವು. ಕೈಗಡಿಯಾರದಷ್ಟು ಚಿಕ್ಕದನ್ನು ಸುಮೇಧ ಆಗಲೇ ಬೇಡವೆಂದಿದ್ದ. ಈಗ ವಿಮಲಾ ಅವರ ಕೈಯಲ್ಲಿದ್ದದ್ದು ಎರಡನೆಯದು, ದಪ್ಪ ರಬ್ಬರಿನ ಕವಚದ್ದು, ಅಂಗೈಯಲ್ಲಿ ಹಿಡಿಯುವಂಥದ್ದು.

"ಯಾಕೆ ಬೇಡ?"

"ಬಟನ್ ಜಾಸ್ತಿ. ನಿಮಗೆ ಕಷ್ಟ ಆಗುತ್ತೆ."

"ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇದ್ದೋಳು ಕಣೋ ನಾನು. ಬಟನ್‌ಗೆ ಹೆದರ್ತೀನಾ?"

ಅಂಗಡಿಯ ಶಿವರಾಜ್ ನಕ್ಕ. ಸುಮೇಧನಿಗೆ ನಗು ಬರಲಿಲ್ಲ.

ವಿಷ್ಣು ಹೋಗಿ ಎಂಟು ತಿಂಗಳಾಗಿತ್ತು. ವಿಮಲಾ ಅವರ ಒಬ್ಬನೇ ಮಗ, ಸುಮೇಧನ ಕಾಲೇಜಿನ ಗೆಳೆಯ. ಡಿಸೆಂಬರಿನಲ್ಲಿ ಇಬ್ಬರೂ ಘಟ್ಟದ ಬೆಟ್ಟವೊಂದಕ್ಕೆ ಹೋಗಿದ್ದರು. ಇಳಿದು ಬಂದದ್ದು ಸುಮೇಧ ಒಬ್ಬನೇ. ಮಂಜಿನಲ್ಲಿ ಬೇರೆಬೇರೆಯಾದೆವು ಎಂದು ಪೊಲೀಸರಿಗೆ ಹೇಳಿದ್ದ. ಹುಡುಕುವವರ ಜೊತೆ ತಾನೂ ಮೂರು ದಿನ ಪೂರ್ವದ ಇಳಿಜಾರನ್ನೆಲ್ಲ ಜಾಲಾಡಿದ್ದ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಆರನೆಯ ದಿನ, ಸೌದೆಗೆ ಹೋದವರಿಗೆ ಪಶ್ಚಿಮದ ಕೊರಕಲಿನಲ್ಲಿ ದೇಹ ಸಿಕ್ಕಿತು.

ಅಂದಿನಿಂದ ಸುಮೇಧ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಬನಶಂಕರಿಯಿಂದ ಒಂಬತ್ತನೆಯ ಬ್ಲಾಕಿನ ಅವರ ಮನೆಗೆ ಬಂದು ತರಕಾರಿ ತಂದುಕೊಡುತ್ತಿದ್ದ, ಕೆಟ್ಟ ನಲ್ಲಿ ಸರಿಮಾಡಿಸುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಇಷ್ಟು ಮಾಡಲ್ಲ ಎಂದು ಎದುರು ಮನೆಯ ಸರ್ವಮಂಗಳಾ ಹೊಗಳುತ್ತಿದ್ದರು. ವಿಮಲಾ ಸುಮ್ಮನೆ ಕಾಫಿ ಕೊಡುತ್ತಿದ್ದರು.

ಹೋದ ಭಾನುವಾರ ಅವರೇ ಮಾತೆತ್ತಿದ್ದರು. "ಆ ಬೆಟ್ಟಕ್ಕೆ ನಾನೊಂದು ಸಲ ಹೋಗ್ಬೇಕು ಸುಮೇಧ. ಕಾರು ನಾನೇ ಓಡಿಸ್ತೀನಿ. ಅಲ್ಲಿ ಫೋನಿಗೆ ಸಿಗ್ನಲ್ ಇರಲ್ವಂತಲ್ಲ, ಒಂದು ಜಿಪಿಎಸ್ ಆರಿಸಿಕೊಡು."

ಹೋಗುವುದೇ ಬೇಡ ಎಂದು ವಾರವೆಲ್ಲ ಫೋನ್ ಮಾಡಿ ಹೇಳಿದ್ದ. ಅವರು ಕೇಳಿರಲಿಲ್ಲ.

"ಮೇಡಂ, ಇದೇ ಒಳ್ಳೇದು," ಎಂದ ಶಿವರಾಜ್. "ಕಾರಲ್ಲೂ ಇಟ್ಕೋಬಹುದು, ಕಾಡಲ್ಲೂ ಹಿಡ್ಕೊಂಡು ಹೋಗ್ಬಹುದು. ಹಳೇ ಜಿಪಿಎಸ್‌ದು ಮೆಮೊರಿ ಕಾರ್ಡ್ ಇದ್ರೆ ಇದಕ್ಕೆ ಹಾಕಿ. ಅದರಲ್ಲಿ ನಡೆದ ದಾರಿಯೆಲ್ಲ ಇದರಲ್ಲಿ ಕಾಣ್ಸುತ್ತೆ."

"ಹೌದಾ? ವಿಷ್ಣುಂದು ಒಂದು ಕಾರ್ಡ್ ಇದೆ," ಎಂದರು ವಿಮಲಾ.

ಸುಮೇಧ ಥಟ್ಟನೆ ಅವರತ್ತ ತಿರುಗಿದ. ವಿಷ್ಣುವಿನ ಜಿಪಿಎಸ್ ನೀರು ಹೊಕ್ಕು ಕೆಟ್ಟಿದೆ ಎಂದು ಠಾಣೆಯಲ್ಲಿ ಅವನ ಎದುರಿಗೇ ಬರೆದುಕೊಂಡಿದ್ದರು. ಒಳಗಿನ ಕಾರ್ಡಿನ ಬಗ್ಗೆ ಯಾರೂ ಸೊಲ್ಲೆತ್ತಿರಲಿಲ್ಲ.

"ಆಂಟಿ, ಅವನು ಕೊನೇ ಸಲ ನಡೆದಿದ್ದನ್ನ ನೀವು ನೋಡ್ಬಾರ್ದು. ತಡ್ಕೊಳೋಕಾಗಲ್ಲ."

"ನನಗೋಸ್ಕರ ಹೇಳ್ತಿದೀಯಾ?"

"ನಿಮಗೋಸ್ಕರಾನೇ."

ವಿಮಲಾ ತಲೆಯಾಡಿಸಿ, ಕಾರಿನ ಗಾಜಿಗೆ ಅಂಟಿಸುವ ಮೂರನೆಯದನ್ನು ತೋರಿಸಿದರು. "ಮತ್ತೆ ಇದು?"

"ಅದು ರಸ್ತೆ ಇರೋವರೆಗೆ ಅಷ್ಟೇ ಮೇಡಂ. ರಸ್ತೆ ಮುಗಿದ್ಮೇಲೆ ಅದಕ್ಕೇನೂ ಗೊತ್ತಾಗಲ್ಲ. ಹಳೇ ಕಾರ್ಡೂ ಓದಲ್ಲ."

"ಇದೇ ಸರಿ. ಇದನ್ನೇ ತಗೊಳ್ಳಿ," ಎಂದ ಸುಮೇಧ. "ಆ ಕಾರ್ಡ್ ನನ್ನ ಹತ್ರ ಕೊಟ್ಬಿಡಿ. ಮನೇಲಿದ್ರೆ ನಿಮಗೆ ಅದೇ ಯೋಚನೆ ಆಗುತ್ತೆ."

ವಿಮಲಾ ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೂರನ್ನೂ ಒಂದೊಂದಾಗಿ ಶಿವರಾಜನ ಕಡೆಗೆ ಸರಿಸಿದರು.

"ಯಾವುದೂ ಬೇಡ ಶಿವರಾಜ್. ಹೋದ ತಿಂಗಳು ನೀವು ಆ ಕಾರ್ಡ್ ಹಾಕಿ ತೋರಿಸಿದ್ರಲ್ಲ, ಅಷ್ಟೇ ಸಾಕು."

ಶಿವರಾಜ್ ತಲೆ ತಗ್ಗಿಸಿದ.

"ಅವನು ಬಿದ್ದಿದ್ದು ಮಧ್ಯಾಹ್ನ ಎರಡು ಗಂಟೆಗೆ," ಎಂದರು ವಿಮಲಾ. ದನಿ ಏರಲಿಲ್ಲ. "ಮಾರನೇ ದಿನ ಸಂಜೆವರೆಗೂ ತೆವಳಿದಾನೆ. ಮೂವತ್ತು ಮೀಟರ್. ನೀವೆಲ್ಲ ಆಗ ಬೆಟ್ಟದ ಆ ಕಡೆ ಕೂಗ್ತಿದ್ರಿ."

"ನನಗೆ ಗೊತ್ತಿರಲಿಲ್ಲ ಆಂಟಿ. ಮಂಜಲ್ಲಿ ಅವನು ಎಲ್ಲಿ ಹೋದ ಅಂತಾನೇ..."

ಸುಮೇಧನಿಗೆ ಗೊತ್ತಿತ್ತು. ಪಶ್ಚಿಮದ ಕಾಡಿಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿರಲಿಲ್ಲ. ಕೇಸಾದರೆ ಆಗಷ್ಟೇ ಸಿಕ್ಕಿದ್ದ ಸರ್ಕಾರಿ ಕೆಲಸ ಕೈಬಿಟ್ಟುಹೋಗುತ್ತಿತ್ತು. ಕಾಲು ಮುರಿದುಕೊಂಡು ಬಿದ್ದವನಿಗೆ, ಇಲ್ಲೇ ಇರು ಮಗಾ, ಜನ ಕರ್ಕೊಂಡು ಬರ್ತೀನಿ ಎಂದು ಹೇಳಿ ಓಡಿದ್ದು ನಿಜ. ನಿಜವಾಗಿಯೂ ಜನರನ್ನು ಕರೆತರಲೆಂದೇ ಓಡಿದ್ದ. ಚೆಕ್‌ಪೋಸ್ಟ್ ತಲುಪುವ ಹೊತ್ತಿಗೆ ಬಾಯಿಗೆ ಬೇರೆ ಮಾತು ಬಂದಿತ್ತು: ಮಂಜು, ಪೂರ್ವದ ಇಳಿಜಾರು.

"ನಿನಗೆ ಗೊತ್ತಿರಲಿಲ್ಲ ಅಂತ ನಂಬೋಕೆ ನಾನೂ ಒಂದು ತಿಂಗಳು ಒದ್ದಾಡಿದೆ," ಎಂದರು ವಿಮಲಾ. "ಅದಕ್ಕೇ ನಿನ್ನ ಇಲ್ಲಿಗೆ ಕರ್ಕೊಂಡ್ಬಂದೆ. ಯಾವುದನ್ನ ಬೇಡ ಅಂತೀಯ, ನೋಡೋಣ ಅಂತ."

ಅವರು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ನಡೆದು, ತಿರುಗಿ ನಿಂತರು.

"ಆ ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿ, ಅದಕ್ಕೊಂದು ಹೆಸರೂ ಬರೀಬಹುದಂತೆ. ಬಿದ್ದ ಜಾಗಕ್ಕೆ ವಿಷ್ಣು ಬರೆದಿಟ್ಟಿದ್ದ: 'ಸುಮೇಧ ಬರ್ತಾನೆ.'"