ಹನ್ನೆರಡು ಅಡಿ ಮೇಲೆ

"ಜೇಬಲ್ಲಿ ಏನಾದ್ರೂ ಇದೆಯಾ ಅಡುಗೆಯವರೇ? ಚಾಕಲೇಟು, ಕಡಲೆಬೀಜ, ಪೆಪ್ಪರಮೆಂಟು?" ಕಾಡಿನಲ್ಲಿ ಡೇರೆ ಹಾಕಿ ಮುಗಿಸುತ್ತಲೇ ಅಪ್ಪ ಮೂರನೆಯ ಸಲ ಕೇಳಿದರು. ಮಗಳು ಮದುವೆಯಾಗಬೇಕೆಂದು ಆರಿಸಿಕೊಂಡಿದ್ದ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಯುವಕ ಎರಡೂ ಜೇಬು ಹೊರಗೆಳೆದು ತೋರಿಸಿದ. ಒಂದು ಕರವಸ್ತ್ರ, ಒಂದು ಹಳೇ ಬಸ್ ಟಿಕೆಟ್ಟು.

"ಟೂತ್‌ಪೇಸ್ಟೂ ಚೀಲಕ್ಕೆ ಹಾಕಿ. ಕರಡಿಗೆ ಅದೂ ತಿಂಡಿನೇ."

ಅಪ್ಪ ಮೂವತ್ತು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದವರು. ಒಂದೇ ಒಂದು ಹೊರೆ ಬೀಳಿಸಿದವರಲ್ಲ. ಡೇರೆಗಳಿಂದ ಇನ್ನೂರು ಹೆಜ್ಜೆ ಎಣಿಸಿ ನಡೆದು, ಎರಡು ಮರಗಳ ನಡುವೆ ಹಗ್ಗ ಬಿಗಿದು, ಊಟದ ಚೀಲವನ್ನು ಕರಡಿಗೆ ಎಟುಕದಂತೆ ಹನ್ನೆರಡು ಅಡಿ ಮೇಲೆ ತೂಗುಹಾಕಿದರು. ಹಗ್ಗ ಮುಟ್ಟಲು ಬೇರೆ ಯಾರನ್ನೂ ಬಿಡಲಿಲ್ಲ. ಆಮೇಲೆ ಕೈ ಕೊಡವಿಕೊಂಡು, ಮಗಳಿಗೆ ಹೇಳಿದಂತೆ, ಆದರೆ ಅಡುಗೆಯವನಿಗೆ ಕೇಳುವ ಹಾಗೆ ಹೇಳಿದರು: "ಒಂದು ಚೀಲ ಜೋಪಾನ ಮಾಡೋಕೆ ಬರದವನು ಹೆಂಡತೀನ ಏನು ಜೋಪಾನ ಮಾಡ್ತಾನೆ? ಎರಡು ದಿನ ನೋಡ್ತೀನಿ. ಆಮೇಲೆ ನನ್ನ ಉತ್ತರ."

ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದ ಅಮ್ಮನೂ "ಅವರು ಹೂಂ ಅಂದ್ರೆ ನಂದೂ ಹೂಂ" ಎಂದುಬಿಟ್ಟಿದ್ದರು. ಪಾಪ, ಅಡುಗೆಯವನು ಒಲೆಯ ಸುತ್ತ ಬಿದ್ದ ಅನ್ನದ ಅಗುಳನ್ನೂ ಬಿಡದೆ ಹೆಕ್ಕಿದ. ಹಾಲಿಗೆಂದು ಗಟ್ಟಿ ಬೀಗದ ಐಸ್ ಪೆಟ್ಟಿಗೆ ತೆರೆದಾಗ, ತಣ್ಣಗಿದ್ದದ್ದು ಎಲ್ಲಿ ಬೆಚ್ಚಗಾಗುತ್ತದೋ ಎಂದು ಮೂರೆಣಿಸುವಷ್ಟರಲ್ಲಿ ಮುಚ್ಚಿದ.

ಮರುದಿನ ಬೆಳಿಗ್ಗೆ ಮೂವರೂ ಹೊಳೆಯಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಒಂದು ಡೇರೆ ಮೇಲಿಂದ ಕೆಳಗಿನವರೆಗೆ ಸೀಳಿಹೋಗಿತ್ತು. ಅಪ್ಪನ ಡೇರೆ! ದಿಂಬಿನ ಹತ್ತಿ ಹೊರಗೆಲ್ಲ ಚೆಲ್ಲಾಡಿತ್ತು, ಒದ್ದೆ ಮಣ್ಣಿನಲ್ಲಿ ಅಂಗೈಗಿಂತ ದೊಡ್ಡ ಹೆಜ್ಜೆಗಳು ಮೂಡಿದ್ದವು. ದೂರದಲ್ಲಿ ಊಟದ ಚೀಲ ಮಾತ್ರ ಕೂದಲೂ ಕೊಂಕದೆ ತೂಗುತ್ತಿತ್ತು.

"ಅಪ್ಪಾ, ಸ್ವಲ್ಪ ಹೊತ್ತಿನ ಮುಂಚೆ ನೀನು ಇದರೊಳಗೇ ಮಲಗಿದ್ದೆ!" ಮಗಳು ಮಂಡಿಯೂರಿ ಕೂತಳು. ಹತ್ತಿಯ ನಡುವಿನಿಂದ ಒಂದು ಹರಿದ ಪೊಟ್ಟಣ ಎತ್ತಿದಳು. ಕ್ರೀಮ್ ಬಿಸ್ಕತ್ತಿನದು. "ಇದು ಯಾರದು? ಅಪ್ಪಾ, ಸಿಹಿ ಮುಟ್ಟಲ್ಲ ಅಂತ ಅಮ್ಮನ ಮುಂದೆ ಆಣೆ ಹಾಕಿದ್ದೆಯಲ್ಲ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಅಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

"ನಂದು," ಎಂದ ಅಡುಗೆಯವನು. "ನಿನ್ನೆ ಇದೇ ಡೇರೆಯೊಳಗೆ ಕೂತು ಇಸ್ಪೀಟು ಆಡಿದ್ವಲ್ಲ, ಆಗ ಬಿಟ್ಟು ಬಂದೆ."

"ಸುಳ್ಳು! ಜೇಬು ತೋರಿಸಿದ್ದೆ ನೀನು." ಮಗಳು ಅವನತ್ತ ತಿರುಗಿದಳು.

"ಕಾಲುಚೀಲದಲ್ಲಿತ್ತು."

ಅವನು ತನ್ನ ಮದುವೆಯನ್ನು ತಾನೇ ಕೆಡಿಸಿಕೊಂಡದ್ದು ಮೂವರಿಗೂ ಗೊತ್ತಾಯಿತು. ಮಗಳು ಬಾಯಿಗೆ ಬಂದಂತೆ ಬೈದಳು, ಅತ್ತಳು, ಮಧ್ಯಾಹ್ನದವರೆಗೂ ಮಾತು ಬಿಟ್ಟಳು. ಅವನು ತಲೆ ತಗ್ಗಿಸಿ ಡೇರೆಯ ಸೀಳನ್ನು ಹೊಲಿಯುತ್ತ ಕೂತ. ಅಪ್ಪ ಎರಡು ಸಲ ಅವನ ಹತ್ತಿರ ಬಂದರು, ಎರಡು ಸಲವೂ ಗಂಟಲು ಸರಿಮಾಡಿಕೊಂಡು ವಾಪಸು ಹೋದರು.

ಸಂಜೆ ಚೀಲ ಏರಿಸುವ ಹೊತ್ತಿಗೆ ಅಪ್ಪ ಅವನೊಬ್ಬನನ್ನೇ ಕರೆದುಕೊಂಡು ಹೋದರು. ಇನ್ನೂರನೆಯ ಹೆಜ್ಜೆಗೆ ಅವನೇ ಕೇಳಿದ: "ಇನ್ನೆಷ್ಟಿದೆ?"

"ಏನು ಎಷ್ಟಿದೆ?"

"ಬಿಸ್ಕತ್ತು. ಮಗಳ ಮುಂದೆ ನಿಮ್ಮನ್ನ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ. ಹಾಗಂತ ಇಲ್ಲಿ ಬಿಡ್ತೀನಿ ಅನ್ಕೋಬೇಡಿ. ತೆಗೀರಿ."

ಅಪ್ಪ ದುರುಗುಟ್ಟಿದರು. ಅವನು ಕದಲಲಿಲ್ಲ. ಕೊನೆಗೆ ಅಪ್ಪ ಒಂದು ಕಲ್ಲಿನ ಮೇಲೆ ಕೂತು, ಟೋಪಿಯೊಳಗಿಂದ ಒಂದು ಪೊಟ್ಟಣ ತೆಗೆದರು; ಬೂಟು ಬಿಚ್ಚಿ ಕಾಲುಚೀಲದಿಂದ ಇನ್ನೊಂದು.

"ಕಾಲುಚೀಲ ಅಂತ ಅದು ಹೇಗೆ ಹೇಳಿದ್ರಿ?"

"ನಮ್ಮ ಸಕ್ಕರೆ ಕಾಯಿಲೆ ವಾರ್ಡಲ್ಲಿ ಎಲ್ರೂ ಅಲ್ಲೇ ಇಡೋದು ಸಾರ್."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪೊಟ್ಟಣಗಳನ್ನು ತಾವೇ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಹಗ್ಗದ ತುದಿಯನ್ನು ಅವನ ಕೈಗಿಟ್ಟರು.

"ಎಳಿ. ನಿಧಾನ. ಜಗ್ಗಬೇಡ." ಚೀಲ ಆಳೆತ್ತರ ಏರಿತು, ಎಂಟು ಅಡಿ, ಹತ್ತು. "ಮಗಳಿಗೆ ಈಗಲೇ ಹೋಗಿ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ಆದ್ರೆ ನೋಡಪ್ಪಾ, ನಿಮ್ಮತ್ತೆಗೆ ಮಾತ್ರ ಗೊತ್ತಾಗಬಾರದು."

ಹಗ್ಗ ಅವನ ಕೈಯಿಂದ ಜಾರಿ, ಚೀಲ ದೊಪ್ಪನೆ ನೆಲಕ್ಕೆ ಬಿತ್ತು.

ಮೂವತ್ತು ವರ್ಷ ಒಂದು ಹೊರೆಯನ್ನೂ ಬೀಳಿಸದ ಅಪ್ಪ ಬಗ್ಗಿ, ಹಗ್ಗದ ತುದಿ ಹೆಕ್ಕಿ, ಮತ್ತೆ ಅವನ ಕೈಗೇ ಕೊಟ್ಟರು.